ಕಾವಿಗೆ ಕೂತ ಹೇಂಟೆಗೆ ಕೂರೆ ಮುತ್ತಿ ಜುಟ್ಟು ಬಿಳಿಚಿದೆ: ಉಳಿಸುವುದು ಹೇಗೆ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ಒಂದೂವರೆ ಕೆ.ಜಿ. ತೂಗುತ್ತಿದ್ದ ನಾಟಿ ಹೇಂಟೆಯನ್ನು 11 ಮೊಟ್ಟೆ ಇಟ್ಟು ಹಳೇ ಬಿದಿರು ಬುಟ್ಟಿಯಲ್ಲಿ ಕಾವಿಗೆ ಕೂರಿಸಿದ್ದೆವು. ಇವತ್ತಿಗೆ 16 ದಿನ. ಮೂರು ದಿನದಿಂದ ಮೇಯಲು ಏಳುತ್ತಿಲ್ಲ. ಎತ್ತಿ ನೋಡಿದರೆ ಜುಟ್ಟು ಬೆಳ್ಳಗಾಗಿದೆ, ಎದೆಮೂಳೆ ಕೈಗೆ ಚುಚ್ಚುತ್ತದೆ, ಕಾಲೂರಿ ನಿಲ್ಲಲಾರದು, ಹಸಿರು ಭೇದಿ. ಪುಕ್ಕದೊಳಗೆ ಕೂರೆ ಗಿಜಿಗುಡುತ್ತಿವೆ, ಹಿಡಿದವರ ಮೈಗೂ ಹತ್ತುತ್ತವೆ. ಹತ್ತಿ ಹೊಲಕ್ಕೆ ಹೊಡೆಯುವ ಔಷಧಿ ಹಚ್ಚಿ ಎಂದು ಪಕ್ಕದವರು, ಕುರಿಗೆ ತಂದ ಇಂಜೆಕ್ಷನ್ ಚುಚ್ಚಿ ಎಂದು ಇನ್ನೊಬ್ಬರು, ಕೊಯ್ದು ಸಾರು ಮಾಡಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಮನೆಯಲ್ಲಿ ಇನ್ನೂ 8 ಕೋಳಿ ಇವೆ. ಏನು ಮಾಡಬೇಕು?

ಉತ್ತರ: ಮೂರೂ ಬೇಡ. ಹೊಲದ ಔಷಧಿ ಹಚ್ಚಿದರೆ ಕೂರೆಗಿಂತ ಮೊದಲು ಕೋಳಿಯೇ ಸಾಯುತ್ತದೆ. ಕುರಿಯ ಇಂಜೆಕ್ಷನ್ನಿನ ಲೆಕ್ಕ ಮುಂದೆ ಹೇಳುತ್ತೇನೆ. ಕಾಯಿಲೆಯ ಕೋಳಿಯನ್ನು ಕೊಯ್ದು ತಿನ್ನುವುದಂತೂ ಕೂಡದು, ಅದರಲ್ಲೂ ಕಾಯಿಲೆ ಏನೆಂದು ಗೊತ್ತಾಗುವ ಮೊದಲು.

ನೀವು ಬರೆದದ್ದನ್ನು ನೋಡಿದರೆ ಹೇಂಟೆಯ ಪ್ರಾಣಕ್ಕೆ ಈಗ ಕುತ್ತಾಗಿರುವುದು ರಕ್ತ ಮತ್ತು ನೀರು ಕಡಿಮೆಯಾಗಿರುವುದು. ಕೋಳಿಯ ಮೈಯಲ್ಲಿರುವ ರಕ್ತ ಅದರ ತೂಕದ ನೂರಕ್ಕೆ ಆರೇಳು ಪಾಲು. ಈಗ 1.1 ಕೆ.ಜಿ.ಗೆ ಇಳಿದಿದ್ದರೆ ಒಟ್ಟು ರಕ್ತ 70 ಮಿ.ಲೀ. ಆಸುಪಾಸು, ಒಂದು ಸಣ್ಣ ಟೀ ಲೋಟದಷ್ಟು. ಅದರಲ್ಲಿ ದಿನವೂ ಒಂದಿಷ್ಟು ಕೂರೆಗಳ ಪಾಲಾಗಿದೆ. ಆದ್ದರಿಂದ ಕೂರೆ ಕೊಲ್ಲುವ ಆತುರದಲ್ಲಿ ಅದನ್ನು ನೀರಲ್ಲಿ ಅದ್ದಬೇಡಿ, ತಲೆಕೆಳಗೆ ಹಿಡಿಯಬೇಡಿ, ಕಂಕುಳಲ್ಲಿ ಒತ್ತಿ ಹಿಡಿಯಬೇಡಿ. ಕೋಳಿ ಉಸಿರಾಡುವುದೇ ಎದೆಮೂಳೆ ಮೇಲೆ ಕೆಳಗೆ ಆಡಿದಾಗ. ರಕ್ತ ಕಡಿಮೆಯಾದ ಕೋಳಿಯ ಎದೆ ಒತ್ತಿದರೆ ಕೈಯಲ್ಲೇ ಜೀವ ಹೋಗುತ್ತದೆ.

ಮೊದಲು ನೆರಳು ಮತ್ತು ನೀರು, ಆಮೇಲೆ ಮೈಮೇಲಿನ ಹುಳ, ಅದೇ ದಿನ ಸಂಜೆಯೊಳಗೆ ಬುಟ್ಟಿ ಮತ್ತು ಗೂಡು. ಮೇವು ನಾಳೆಗೆ. ಜಂತುಹುಳದ ಔಷಧಿ ಅದು ಎದ್ದು ಮೇಯತೊಡಗಿ ಒಂದು ವಾರ ಆದ ಮೇಲೆ. ಈ ಸರದಿ ತಪ್ಪಿಸಬೇಡಿ.

ಕಾವಿಗೆ ಕೂತ ಕೋಳಿಗೇ ಯಾಕೆ ಹೀಗಾಗುತ್ತದೆ ಎಂದರೆ, ಓಡಾಡುವ ಕೋಳಿ ದಿನಕ್ಕೆ ಒಂದೆರಡು ಸಲ ಮಣ್ಣಲ್ಲಿ ಹೊರಳಿ, ಕೊಕ್ಕಿನಿಂದ ಪುಕ್ಕ ಕೆದಕಿ ಹುಳಗಳನ್ನು ಹತೋಟಿಯಲ್ಲಿ ಇಟ್ಟುಕೊಂಡಿರುತ್ತದೆ. ಕಾವಿಗೆ ಕೂತದ್ದು ದಿನಕ್ಕೊಮ್ಮೆ 15–20 ನಿಮಿಷ ಎದ್ದರೆ ಹೆಚ್ಚು. ಬುಟ್ಟಿಯಲ್ಲಿ ಹುಲ್ಲು, ಮೈ ಬಿಸಿ, ಅಲುಗಾಡದ ರಕ್ತ. ಈ ಬೇಸಿಗೆಯಲ್ಲಿ ನುಸಿಯ ಒಂದು ತಲೆಮಾರು ಮುಗಿಯಲು ವಾರ ಸಾಕು. 21 ದಿನದ ಕಾವಿನಲ್ಲಿ ಮೂರು ತಲೆಮಾರು ಬೆಳೆಯುತ್ತದೆ. ಕಾವಿನಲ್ಲಿ ಒಂದಷ್ಟು ತೂಕ ಇಳಿಯುವುದು ಸಹಜವೇ. ಜುಟ್ಟು ಸ್ವಲ್ಪ ಮಾಸುವುದೂ ಸಹಜ. ಎದ್ದು ಮೇಯದಿರುವುದು, ನಿಲ್ಲಲಾಗದಿರುವುದು ಸಹಜವಲ್ಲ.

ಕಚ್ಚುತ್ತಿರುವುದು ಯಾವುದು ಎಂದು ಗೊತ್ತಾದರೆ ಮುಂದಿನ ಕೆಲಸ ಅರ್ಧ ಹಗುರ. ಕೂರೆ ಎಂದು ನೀವು ಕರೆದದ್ದು ಮೂರರಲ್ಲಿ ಒಂದಿರಬಹುದು, ಮೂರೂ ಇರಬಹುದು. ಒಂದು ಬಿಳಿ ಪಂಚೆ ಹಾಸಿ ಅದರ ಮೇಲೆ ಹೇಂಟೆಯನ್ನು ಕೂರಿಸಿ, ಹಗಲು ಬೆಳಕಿನಲ್ಲಿ ಮಲದ್ವಾರದ ಸುತ್ತಲಿನ ಪುಕ್ಕವನ್ನು ಎರಡು ಬೆರಳಲ್ಲಿ ಬಿಡಿಸಿ ನೋಡಿ.

ಹುಲ್ಲಿನ ಬಣ್ಣದ, ಚಪ್ಪಟೆ, ಎಳ್ಳಿನಷ್ಟು ಉದ್ದದ ಹುಳ ಬೆಳಕು ಬಿದ್ದೊಡನೆ ಸರಸರನೆ ಓಡಿದರೆ ಅದು ಕೋಳಿ ಹೇನು. ಪುಕ್ಕದ ಬುಡದಲ್ಲಿ ಸುಣ್ಣ ಮೆತ್ತಿದಂತೆ ಗಂಟು ಗಂಟಾಗಿ ಕಾಣುವುದು ಅದರ ಸೀರು. ಹೇನು ಕೋಳಿಯ ಮೈಬಿಟ್ಟು ಹೆಚ್ಚು ದಿನ ಬದುಕದು, ಮನುಷ್ಯರ ಮೈಯಲ್ಲಿ ನಿಲ್ಲದು. ಬೆಳೆದ ಕೋಳಿಯನ್ನು ಹೇನೊಂದೇ ಈ ಸ್ಥಿತಿಗೆ ತರುವುದು ಅಪರೂಪ.

ಮೆಣಸಿನ ಪುಡಿ ಉದುರಿಸಿದಂತೆ ಕೆಂಪು, ಬೂದು, ಕಪ್ಪು ಚುಕ್ಕೆಗಳು ಪಂಚೆಯ ಮೇಲೆ ನಡೆದಾಡುತ್ತಿದ್ದರೆ ಅದು ನುಸಿ. ಉಗುರಿನಿಂದ ಒತ್ತಿದರೆ ರಕ್ತದ ಗೆರೆ ಬೀಳುತ್ತದೆ. ಮಲದ್ವಾರದ ಸುತ್ತ ಪುಕ್ಕ ಎಣ್ಣೆ ಹಚ್ಚಿದಂತೆ ಕರ್ರಗೆ ಮೆತ್ತಿಕೊಂಡಿರುತ್ತದೆ. ಮೈಗೆ ಹತ್ತುತ್ತವೆ ಎಂದಿದ್ದೀರಲ್ಲ, ಆ ಒಂದು ಮಾತಿನಿಂದಲೇ ನಿಮ್ಮ ಬುಟ್ಟಿಯಲ್ಲಿ ನುಸಿ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಮನುಷ್ಯರಿಗೆ ಕಚ್ಚಿ ತುರಿಕೆ ತರಿಸುತ್ತದೆ, ಆದರೆ ನಮ್ಮ ಮೈಯಲ್ಲಿ ಸಂಸಾರ ಹೂಡುವುದಿಲ್ಲ. ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿದರೆ ಸಾಕು.

ಮೂರನೆಯದು ಕೋಳಿ ಉಣ್ಣೆ, ಅಂದರೆ ಉಣುಗು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರಿನಂಥ ಒಣಸೀಮೆ ಅದಕ್ಕೆ ಒಗ್ಗುವ ಹವೆ. ಬೆಳೆದ ಉಣ್ಣೆ ಚಪ್ಪಟೆ, ಒಣದ್ರಾಕ್ಷಿಯಂತೆ ಸುಕ್ಕು, ಕಂದು ಅಥವಾ ನೀಲಿಗಪ್ಪು. ಹಗಲಲ್ಲಿ ಕೋಳಿಯ ಮೈಯಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಗೋಡೆಯ ಬಿರುಕು, ಕಲ್ಲುಸಂದಿ, ಕೋಳಿ ಕೂರುವ ಮರದ ತೊಗಟೆ, ತೊಲೆಯ ಸೀಳು ಅದರ ಮನೆ. ರಾತ್ರಿ ಬಂದು ಅರ್ಧ ಗಂಟೆಯೊಳಗೆ ರಕ್ತ ಕುಡಿದು ಮರಳುತ್ತದೆ. ಅದರ ಮರಿ ಮಾತ್ರ ರೆಕ್ಕೆಯ ಕೆಳಗೆ, ತೊಡೆಯ ಒಳಗೆ ನಾಲ್ಕಾರು ದಿನ ಅಂಟಿಕೊಂಡೇ ಇರುತ್ತದೆ, ರಾಗಿ ಕಾಳಿನಷ್ಟು ನೀಲಿ ಗುಳ್ಳೆಯ ಹಾಗೆ. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ಗೂಡಿನ ಗೋಡೆ ನೋಡಿ. ಬಿರುಕಿನ ಬಾಯಲ್ಲಿ ಕಪ್ಪು ಚುಕ್ಕೆ ಚುಕ್ಕೆಯಾಗಿ ಹಿಕ್ಕೆ ಕಂಡರೆ ಒಳಗೆ ಉಣ್ಣೆ ಇದೆ.

ಉಣ್ಣೆ ಇದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಅದು ರಕ್ತ ಕುಡಿಯುವುದರ ಜತೆಗೆ ಬೊರೇಲಿಯಾ ಎಂಬ ಸುರುಳಿ ಸೂಕ್ಷ್ಮಾಣುವನ್ನು ಕೋಳಿಗೆ ದಾಟಿಸುತ್ತದೆ. ಕಚ್ಚಿದ ಮೂರರಿಂದ ಹನ್ನೆರಡು ದಿನದೊಳಗೆ ಜ್ವರ, ತೂಕಡಿಕೆ, ವಿಪರೀತ ದಾಹ, ಹಸಿರು ಭೇದಿ, ಕಾಲು ಸೋಲು. ನಿಮ್ಮ ಹೇಂಟೆಯ ಲಕ್ಷಣದಲ್ಲಿ ಎರಡು ಇದಕ್ಕೆ ಹೊಂದುತ್ತವೆ. ಆದರೆ ಹಸಿರು ಭೇದಿಯನ್ನು ನೋಡಿ ತೀರ್ಪು ಕೊಡಬೇಡಿ: ಮೂರು ದಿನ ಮೇಯದ ಕೋಳಿಯ ಖಾಲಿ ಕರುಳಿನಿಂದ ಬರೀ ಪಿತ್ತ ಇಳಿದರೂ ಹಿಕ್ಕೆ ಹಸಿರೇ. ಎರಡು ಪರೀಕ್ಷೆ ಮಾಡಿ. ಮನೆಯ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಎಣ್ಣೆ ಸವರಿ ಮಲದ್ವಾರದಲ್ಲಿ ಎರಡು ಸೆಂ.ಮೀ. ಇಡಿ. ಕೋಳಿಗೆ 41 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಸಹಜ, ಫ್ಯಾರನ್‌ಹೀಟಿನಲ್ಲಿ ಸುಮಾರು 106. ನಮ್ಮ ಲೆಕ್ಕದಲ್ಲಿ ಅದು ಜ್ವರವಾದರೂ ಕೋಳಿಗಲ್ಲ. 42.5 ದಾಟಿದರೆ ಜ್ವರ. 40ಕ್ಕಿಂತ ಕೆಳಗಿದ್ದರೆ ಮೈ ತಣ್ಣಗಾಗುತ್ತಿದೆ ಎಂದರ್ಥ, ಅದು ಜ್ವರಕ್ಕಿಂತ ಕೆಟ್ಟದ್ದು. ಆಮೇಲೆ ಕಾಲ್ಬೆರಳನ್ನು ಚಿವುಟಿ. ಬರೀ ನಿತ್ರಾಣವಾದ ಕೋಳಿ ಬೆರಳು ಎಳೆದುಕೊಳ್ಳುತ್ತದೆ. ಎಳೆದುಕೊಳ್ಳದೆ ಕಾಲು ಜೋಲಿದರೆ ಲಕ್ವ, ರೆಕ್ಕೆ ಕೆಳಗೆ ಉಣ್ಣೆಮರಿ ಹುಡುಕಬೇಕು. ಉಣ್ಣೆಮರಿಯ ಜೊಲ್ಲಿನ ವಿಷವೊಂದೇ ಲಕ್ವ ತರಬಲ್ಲದು. ಚಿಮ್ಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರಕ್ಕೆ ಎಳೆದು ತೆಗೆಯಿರಿ. ಬೀಡಿಯ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಬಿಡುವುದು ಬೇಡ.

ಜ್ವರ ಇದ್ದು ಉಣ್ಣೆಯೂ ಸಿಕ್ಕರೆ ಅವತ್ತೇ ಪಶುವೈದ್ಯರಿಗೆ ತೋರಿಸಿ. ಸೂಕ್ಷ್ಮಾಣು ಪೆನ್ಸಿಲಿನ್‌ಗೆ ಬಗ್ಗುತ್ತದೆ, ಆದರೆ ಕಾಯಿಲೆಯ ಮೊದಲ ದಿನಗಳಲ್ಲಿ ಕೊಟ್ಟರೆ ಮಾತ್ರ ಅದರ ಫಲ. ರೆಕ್ಕೆಯ ನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಿದರೆ ಜ್ವರದ ಹೊತ್ತಿನಲ್ಲಿ ಸೂಕ್ಷ್ಮಾಣು ಕಾಣುತ್ತದೆ, ತಡವಾದರೆ ಕಾಣದೇ ಇರಬಹುದು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಸೇವೆಯವರು ಸಿಗುತ್ತಾರೆ. ಒಂದು ಕೋಳಿಗೆ ಇಷ್ಟೆಲ್ಲ ಯಾಕೆ ಎಂದು ಯಾರಾದರೂ ನಕ್ಕರೆ ನಗಲಿ. ಇದೇ ಗೋಡೆಯ ಪಕ್ಕ ಇನ್ನೂ ಎಂಟು ಮಲಗುತ್ತವೆ.

ಈಗ ಆರೈಕೆ. ಹೇಂಟೆಯನ್ನು ಉಳಿದವುಗಳಿಂದ ದೂರ, ಗೂಡಿನ ಹತ್ತಿರವೂ ಅಲ್ಲದ, ಗಾಳಿಯಾಡುವ ನೆರಳಿನ ಜಾಗಕ್ಕೆ ತನ್ನಿ. ರಟ್ಟಿನ ಪೆಟ್ಟಿಗೆ ಒಳ್ಳೆಯದು, ಕೆಲಸ ಮುಗಿದ ಮೇಲೆ ಸುಟ್ಟುಹಾಕಬಹುದು. ತಳಕ್ಕೆ ಹುಲ್ಲು, ಹೊಟ್ಟು ಹಾಕಬೇಡಿ, ಹುಳ ಅಡಗುತ್ತವೆ. ಬಿಳಿ ಹತ್ತಿಬಟ್ಟೆ ಹಾಸಿ. ಹಿಕ್ಕೆಯ ಬಣ್ಣ ಕಾಣುತ್ತದೆ, ಉದುರಿದ ಹುಳವೂ ಕಾಣುತ್ತದೆ. ದಿನಕ್ಕೆ ಎರಡು ಸಲ ಬಟ್ಟೆ ಬದಲಿಸಿ ಕುದಿಯುವ ನೀರಿಗೆ ಹಾಕಿ. ನಿಲ್ಲಲಾರದ ಕೋಳಿ ಒಂದು ಮಗ್ಗುಲಿಗೆ ವಾಲದಂತೆ ಬಟ್ಟೆಯ ಸುರುಳಿಯನ್ನು ಎರಡೂ ಕಡೆ ಆನಿಸಿ, ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಎದೆಮೂಳೆಯ ಮೇಲೆ ಹುಣ್ಣಾಗುತ್ತದೆ.

ಕಾಯಿಲೆ ಕೋಳಿಗೆ ಬಲ್ಬು ಹಾಕಿ ಎಂದು ಎಲ್ಲೆಡೆ ಬರೆದಿರುತ್ತದೆ. ಅದು ಡಿಸೆಂಬರ್, ಜನವರಿ ರಾತ್ರಿಯ ಮಾತು. ಕಾಯಿಲೆ ಕೋಳಿಗೆ ಹಿತವಾಗುವುದು 27ರಿಂದ 30 ಡಿಗ್ರಿ. ನಿಮ್ಮಲ್ಲಿ ಈಗ ಮಧ್ಯಾಹ್ನ 38 ದಾಟುತ್ತದೆ. ಬೇಕಿರುವುದು ಬಿಸಿಯಲ್ಲ, ನೆರಳು. ತಗಡಿನ ಚಾವಣಿಯ ಕೆಳಗೆ ಇಡಬೇಡಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಪೆಟ್ಟಿಗೆಯ ಹೊರಗೆ ಒದ್ದೆ ಗೋಣಿಚೀಲ ಇಳಿಬಿಡಿ, ಕೋಳಿಯ ಮೈಗೆ ನೀರು ಬೇಡ. ರಾತ್ರಿ ಪುಕ್ಕ ಉಬ್ಬಿಸಿ ಮುದುಡಿ ಕೂತರೆ ಚಳಿ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿ ಇಡಿ. ಈಗಿನ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಕಾವು ಬರುವುದಿಲ್ಲ.

ನೀರಿಗೆ ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಸಾಕು, ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎರಡೂ ಚಮಚದ ಸಮಮಟ್ಟಕ್ಕೆ ಸವರಿ. ಉಪ್ಪು ಗುಡ್ಡೆ ಮಾಡಿ ಹಾಕಿದರೆ ಕೋಳಿಗೆ ವಿಷ. ಬೆರೆಸಿದ ನೀರು 24 ಗಂಟೆ ದಾಟಿದರೆ ಚೆಲ್ಲಿ, ಈ ಬಿಸಿಲಲ್ಲಿ 12 ಗಂಟೆಗೇ ಹೊಸದು ಮಾಡಿದರೆ ಇನ್ನೂ ಒಳ್ಳೆಯದು.

ಎಷ್ಟು ಕುಡಿಸಬೇಕು? ಆರೋಗ್ಯದಲ್ಲಿದ್ದಾಗಲೇ ಕೆ.ಜಿ.ಗೆ ದಿನಕ್ಕೆ 50–60 ಮಿ.ಲೀ. ನೀರು ಬೇಕು. ಒಣಗಿರುವುದನ್ನೂ ತುಂಬಿಸಬೇಕಲ್ಲ, ಹಾಗಾಗಿ ಮೊದಲ ಎರಡು ದಿನ ದಿನಕ್ಕೆ ಒಟ್ಟು 120 ಮಿ.ಲೀ. ಗುರಿ ಇಟ್ಟುಕೊಳ್ಳಿ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ ಸುಮಾರು 10 ಮಿ.ಲೀ. ಮೊದಲು ಕೊಕ್ಕಿನ ತುದಿಯನ್ನು ಬಟ್ಟಲಿನ ನೀರಿಗೆ ತಾಗಿಸಿ ನೋಡಿ, ತಾನೇ ಕುಡಿದರೆ ಅದಕ್ಕಿಂತ ಬೇರೆ ಬೇಡ. ಕುಡಿಯದಿದ್ದರೆ ಸೂಜಿ ತೆಗೆದ 5 ಮಿ.ಲೀ. ಸಿರಿಂಜಿನಿಂದ ಕೊಕ್ಕಿನ ಪಕ್ಕದ ಅಂಚಿಗೆ ಹನಿ ಹನಿ ಬಿಡಿ. ಕತ್ತು ಸಹಜವಾಗಿ ಎದ್ದಿರಲಿ, ಹಿಂದಕ್ಕೆ ಬಗ್ಗಿಸಬೇಡಿ. ನುಂಗಿದ್ದು ಕಂಡ ಮೇಲೆ ಮುಂದಿನ ಹನಿ. ಬಾಯಿ ತೆರೆಸಿ ನೋಡಿದರೆ ನಾಲಿಗೆಯ ಹಿಂದೆಯೇ ಸಣ್ಣ ಸೀಳು ತೆರೆದು ಮುಚ್ಚುವುದು ಕಾಣುತ್ತದೆ, ಅದು ಉಸಿರಿನ ದಾರಿ. ಬಾಯಿ ಅಗಲಿಸಿ ನೀರು ಸುರಿದರೆ ನೇರ ಅಲ್ಲಿಗೆ ಹೋಗುತ್ತದೆ. ಮನೆಯಲ್ಲಿ ಆರೈಕೆ ಮಾಡಿದ ಕೋಳಿ ಸಾಯುವುದು ಎಷ್ಟೋ ಸಲ ಇದರಿಂದಲೇ. ಗೊರಗೊರ ಸದ್ದು ಬಂದರೆ ತಕ್ಷಣ ನಿಲ್ಲಿಸಿ ತಲೆಯನ್ನಷ್ಟೇ ಕೆಳಮುಖ ಮಾಡಿ. ನುಂಗುವ ಶಕ್ತಿಯೇ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಅಂಥದಕ್ಕೆ ಚರ್ಮದಡಿ ಸಲೈನ್ ಕೊಡುವುದು ವೈದ್ಯರ ಕೆಲಸ.

ಒಂದೆರಡು ಗಂಟೆ ನೀರು ಕುಡಿದು ಕಣ್ಣು ತೆರೆದಿತೆಂದರೆ ಹುಳದ ಕೆಲಸಕ್ಕೆ ಕೈ ಹಾಕಿ. ನಿತ್ರಾಣವಾದ ಈ ಹೇಂಟೆಗೆ ಪುಡಿಯೇ ಸರಿ. ಪರ್ಮೆಥ್ರಿನ್ 0.25 ಪರ್ಸೆಂಟ್ ಪುಡಿ ಸಿಕ್ಕರೆ ಒಂದು ಟೀ ಚಮಚ ಸಾಕು. ಪುಕ್ಕದ ಮೇಲೆ ಉದುರಿಸಿ ಪ್ರಯೋಜನವಿಲ್ಲ. ಪುಕ್ಕ ಎದುರುಮುಖಕ್ಕೆ ಬಿಡಿಸಿ ಚರ್ಮಕ್ಕೆ ತಾಗುವಂತೆ ಮಲದ್ವಾರದ ಸುತ್ತ, ಎರಡೂ ರೆಕ್ಕೆಯ ಕೆಳಗೆ, ತೊಡೆಯ ಒಳಗೆ, ಕತ್ತಿನ ಬುಡಕ್ಕೆ ಬೆರಳಿನಿಂದ ಹಚ್ಚಿ. ತಲೆಗೆ ಬೇಡ, ಕಣ್ಣು ಮೂಗಿಗೆ ಹೋಗುತ್ತದೆ. ಕೈಗವಸು ಇರಲಿ. ನಾಯಿಗೆಂದು ಮಾರುವ ಪುಡಿ ತರುವುದಾದರೆ ಡಬ್ಬಿಯ ಮೇಲೆ ಓದಿ: ಪರ್ಮೆಥ್ರಿನ್ ಎಂದಿದ್ದರೆ ಆಗಬಹುದು, ಪ್ರೊಪಾಕ್ಸರ್ ಎಂದಿದ್ದರೆ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ದೂರವಿಡಿ, ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಪುಡಿ ಸಿಗದಿದ್ದರೆ, ನಿಮ್ಮ ಕಡೆ ಕುರಿ ಸಾಕುವವರ ಮನೆಯಲ್ಲಿ ಉಣ್ಣೆಯ ಔಷಧಿ ಬಾಟಲಿ ಇದ್ದೇ ಇರುತ್ತದೆ. ಅದರ ಮೇಲೆ ಡೆಲ್ಟಾಮೆಥ್ರಿನ್ 1.25 ಪರ್ಸೆಂಟ್ ಎಂದಿದ್ದರೆ 1 ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಮೇಲೆ ಹೇಳಿದ ಜಾಗಗಳಿಗೆ ಮಾತ್ರ ಒರೆಸಿ. ಬಾಟಲಿಯ ಲೇಬಲ್ ಅಥವಾ ನಿಮ್ಮ ವೈದ್ಯರು ಬೇರೆ ಪ್ರಮಾಣ ಹೇಳಿದರೆ ಅದೇ ಸರಿ. ಅಮಿಟ್ರಾಜ್ ಎಂದಿದ್ದರೆ ವೈದ್ಯರನ್ನು ಕೇಳದೆ ಕೋಳಿಗೆ ಮುಟ್ಟಿಸಬೇಡಿ. ಉಳಿದ ದ್ರಾವಣವನ್ನು ಕೆರೆ, ಹಳ್ಳಕ್ಕೆ ಚೆಲ್ಲಬೇಡಿ. ಮೀನು ಸಾಯುತ್ತವೆ.

ಯಾವ ಔಷಧಿಯೂ ಸೀರನ್ನು, ಅಂದರೆ ಮೊಟ್ಟೆಯನ್ನು, ಪೂರ್ತಿ ಕೊಲ್ಲುವುದಿಲ್ಲ. ಆದ್ದರಿಂದ 7ನೇ ದಿನ ಮತ್ತು 14ನೇ ದಿನ ಮತ್ತೆ ಹಚ್ಚಲೇಬೇಕು. ಮೊದಲ ಸಲಕ್ಕೇ ಹುಳ ಕಾಣದಾದವು ಎಂದು ಬಿಟ್ಟವರ ಮನೆಯಲ್ಲಿ ಮೂರನೇ ವಾರ ಮತ್ತೆ ಅದೇ ಕತೆ.

ಊರ ಔಷಧಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬೂದಿಯ ಗುಂಡಿ ಗಟ್ಟಿಮುಟ್ಟಾದ ಕೋಳಿಗೆ ಒಳ್ಳೆಯದು. ಮಲಗಿದ ಕೋಳಿಯ ಒದ್ದೆ ಚರ್ಮಕ್ಕೆ ಬೂದಿ ಮೆತ್ತಿದರೆ ಸುಡುತ್ತದೆ. ಬುಟ್ಟಿಗೆ ಲಕ್ಕಿಸೊಪ್ಪು ಹಾಸುವ ರೂಢಿಯನ್ನು ಬಿಡಬೇಡಿ, ಆದರೆ ಅದು ಹುಳ ಬರದಂತೆ ತಡೆಯಲು, ಮುತ್ತಿದ ಮೇಲೆ ಕೊಲ್ಲಲು ಅಲ್ಲ. ಸೀತಾಫಲದ ಬೀಜದ ಪುಡಿ ಹೇನು ಕೊಲ್ಲುವುದು ನಿಜ, ಕಣ್ಣಿಗೆ ಬಿದ್ದರೆ ಕಣ್ಣೂ ಹೋಗುತ್ತದೆ, ಕೋಳಿಯದೂ ನಿಮ್ಮದೂ. ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಚರ್ಮದ ಮೂಲಕ ಒಳಗಿಳಿದು ಕೊಲ್ಲುತ್ತವೆ. ನುವಾನ್ ಎಂದು ಜನ ಕೇಳುವ ಡೈಕ್ಲೋರ್‌ವಾಸ್ ದೇಶದಲ್ಲಿ 2020ರ ಕೊನೆಯಿಂದ ನಿಷೇಧವಾಗಿದೆ. ಹಳೇ ಬಾಟಲಿ ಅಟ್ಟದ ಮೇಲಿದ್ದರೆ ಅಲ್ಲೇ ಇರಲಿ. ಹೊಲದ ಆರ್ಗನೋಫಾಸ್ಫೇಟ್ ಔಷಧಿಗಳನ್ನು ಹಕ್ಕಿಗಳು ಸ್ವಲ್ಪವೂ ತಡೆಯಲಾರವು. ಜೊಲ್ಲು ಸುರಿಸಿ ನಡುಗಿ ಗಂಟೆಯೊಳಗೆ ಸಾಯುತ್ತವೆ.

ಇನ್ನು ಕುರಿಯ ಇಂಜೆಕ್ಷನ್. ಅದು ಐವರ್ಮೆಕ್ಟಿನ್ 1 ಪರ್ಸೆಂಟ್ ಇರಬೇಕು, ಅಂದರೆ 1 ಮಿ.ಲೀ.ನಲ್ಲಿ 10 ಮಿ.ಗ್ರಾಂ. ಕೋಳಿಗೆ ವೈದ್ಯರು ಲೆಕ್ಕ ಹಾಕುವುದು ಕೆ.ಜಿ.ಗೆ 0.2 ಮಿ.ಗ್ರಾಂ. 1.1 ಕೆ.ಜಿ. ಹೇಂಟೆಗೆ 0.22 ಮಿ.ಗ್ರಾಂ, ಆ ಬಾಟಲಿಯಿಂದ 0.02 ಮಿ.ಲೀ. ಮನೆಯ ಸಿರಿಂಜಿನಲ್ಲಿ ಅದನ್ನು ಅಳೆಯಲು ಬರುವುದೇ ಇಲ್ಲ. ಕಾಲು ಮಿ.ಲೀ. ಚುಚ್ಚಿದರೂ ಹತ್ತು ಪಟ್ಟು ಮೀರಿತು. ವೈದ್ಯರೇ ತೆಳುಮಾಡಿ ಕೊಟ್ಟರೆ ಸರಿ, ಇಲ್ಲದಿದ್ದರೆ ಮುಟ್ಟಬೇಡಿ.

ಈಗ ಮೊಟ್ಟೆಗಳು. 16 ದಿನದ ಕಾವು ಹಾಳಾಗಬಾರದು ಎಂಬ ಆಸೆ ನಿಮಗಿರುತ್ತದೆ. ಆದರೆ ಈ ಹೇಂಟೆಯನ್ನು ಮತ್ತೆ ಕೂರಿಸಬೇಡಿ. ಮನೆಯಲ್ಲೋ ಪಕ್ಕದಲ್ಲೋ ಕಾವಿಗೆ ಬಂದ ಬೇರೆ ಹೇಂಟೆ ಇದ್ದರೆ ಮೊಟ್ಟೆಗಳನ್ನು ಒಣಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ (ತೊಳೆಯಬೇಡಿ, ಚಿಪ್ಪಿನ ರಂಧ್ರದಿಂದ ಕೊಳೆ ಒಳಗೆ ಹೋಗುತ್ತದೆ), ರಾತ್ರಿ ಹೊತ್ತು ಅದರಡಿ ಇಡಿ. ಅದಕ್ಕೂ ಮೊದಲೇ ಪುಡಿ ಹಚ್ಚಿರಬೇಕು, ಬುಟ್ಟಿ ಹೊಸದಿರಬೇಕು. ಟಾರ್ಚ್ ಬೆಳಕಿಗೆ ಹಿಡಿದರೆ 16 ದಿನದ ಒಳ್ಳೆ ಮೊಟ್ಟೆಯಲ್ಲಿ ಗಾಳಿಯ ಭಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿ ಕಾಣುತ್ತದೆ. ಬೆಳಕು ಪೂರ್ತಿ ತೂರಿ ತಿಳಿಯಾಗಿ ಕಂಡದ್ದನ್ನು ತೆಗೆದುಹಾಕಿ. ಬೇರೆ ಹೇಂಟೆ ಸಿಗದಿದ್ದರೆ ಮೊಟ್ಟೆಯ ಆಸೆ ಬಿಡಿ. ನುಸಿ ತುಂಬಿದ ಬುಟ್ಟಿಯಲ್ಲಿ ಒಡೆದ ಮರಿಯ ಮೈಯಲ್ಲಿರುವ ರಕ್ತ ಮೂರು ಮಿ.ಲೀ.ಗೂ ಕಡಿಮೆ, ಒಂದೆರಡು ರಾತ್ರಿಗೆ ಮುಗಿಯುತ್ತದೆ.

ಆ ಹಳೇ ಬುಟ್ಟಿಯನ್ನು ಹುಲ್ಲಿನ ಸಮೇತ ಸುಡಿ. ಬಿಸಿಲಿಗೆ ಒಣಹಾಕಿದೆ, ಸಾಕಲ್ಲವೇ ಎಂದರೆ ಸಾಲದು. ಬಿದಿರಿನ ಹೆಣಿಗೆಯ ಸಂದಿಯಲ್ಲಿ ನುಸಿ ವಾರಗಟ್ಟಲೆ ಬದುಕಿರುತ್ತದೆ. ನುಸಿಯೊಂದೇ ಆಗಿದ್ದರೆ ಬುಟ್ಟಿ ಸುಟ್ಟು, ಗೂಡು ಗುಡಿಸಿ, ಕಸ ಸುಟ್ಟು, ಔಷಧಿ ಹೊಡೆದು, ವಾರ ಬಿಟ್ಟು ಮತ್ತೊಮ್ಮೆ ಹೊಡೆದರೆ ಮುಗಿಯಿತು. ಉಣ್ಣೆ ಹಾಗಲ್ಲ. ಅದು ರಕ್ತವಿಲ್ಲದೆ ವರ್ಷಗಟ್ಟಲೆ ಗೋಡೆಯಲ್ಲಿ ಕಾಯಬಲ್ಲದು. ಆರು ತಿಂಗಳು ಕೋಳಿ ಸಾಕುವುದನ್ನೇ ಬಿಟ್ಟು ಮತ್ತೆ ತಂದರೂ ಮೊದಲ ರಾತ್ರಿಯೇ ಇಳಿದು ಬರುತ್ತದೆ. ಸೂಕ್ಷ್ಮಾಣುವನ್ನು ತನ್ನ ಮೊಟ್ಟೆಗೂ ದಾಟಿಸುವುದರಿಂದ ಅದರ ಮರಿಗಳೂ ಹುಟ್ಟುತ್ತಲೇ ಕಾಯಿಲೆ ಹೊತ್ತಿರುತ್ತವೆ.

ಆದ್ದರಿಂದ ಉಣ್ಣೆ ಇದ್ದರೆ ಮೊದಲು ಕೋಳಿಗಳನ್ನು ಬೇರೆಡೆಗೆ ಸಾಗಿಸಿ. ಗೋಡೆಯ ಸಡಿಲ ಮಣ್ಣು ಕೆರೆದು ತೆಗೆದು ಸುಡಿ. ಬಿರುಕಿಗೆ ಕುದಿಯುವ ನೀರು ಬಿಡಿ. ಒಣಗಿದ ಮೇಲೆ ಡೆಲ್ಟಾಮೆಥ್ರಿನ್ ಲೀಟರಿಗೆ 4 ಮಿ.ಲೀ. ಪ್ರಮಾಣದಲ್ಲಿ, ಬೆನ್ನಿಗೆ ಹಾಕುವ ಸ್ಪ್ರೇಯರಿನ ನಳಿಕೆಯನ್ನು ಬಿರುಕಿಗೇ ಹಿಡಿದು, ಒಳಗಿನಿಂದ ಹನಿ ಹೊರಬರುವವರೆಗೆ ಹೊಡೆಯಿರಿ. ಗೋಡೆ ಮೇಲ್ಮೈ ಒದ್ದೆಯಾದರೆ ಉಣ್ಣೆಗೆ ಏನೂ ಆಗದು. ಆ ಸ್ಪ್ರೇಯರಿನಲ್ಲಿ ಹೊಲದ ಕಳೆನಾಶಕ, ಕೀಟನಾಶಕ ಉಳಿದಿರಬಾರದು, ಸೋಪಿನ ನೀರಲ್ಲಿ ತೊಳೆದುಕೊಳ್ಳಿ. ಒಂದು ದಿನ ಒಣಗಲು ಬಿಟ್ಟು ಬಿರುಕುಗಳನ್ನು ಸಿಮೆಂಟ್ ಗಾರೆಯಿಂದ ಮುಚ್ಚಿ, ಮೇಲೆ ಎರಡು ಕೈ ಸುಣ್ಣ ಬಳಿಯಿರಿ. ಬರೀ ಸುಣ್ಣ ಬಳಿದರೆ ಒಣಗಿದ ಮೇಲೆ ಅದರಲ್ಲೂ ಬಿರುಕು ಬಿಡುತ್ತದೆ. ಔಷಧಿಯನ್ನು 10–14 ದಿನಕ್ಕೊಮ್ಮೆ ಮೂರು ಸಲ ಹೊಡೆಯಬೇಕು. ಕಲ್ಲುಗೋಡೆಯಾಗಿದ್ದು ಸಂದಿಗಳು ಕೈಗೆ ಎಟುಕದಿದ್ದರೆ ಆ ಗೂಡಿನ ಆಸೆ ಬಿಟ್ಟು, ಗೋಡೆಯಿಂದ ಒಂದಡಿ ದೂರ ಕಬ್ಬಿಣದ ಕಾಲಿನ ತಂತಿಬಲೆ ಗೂಡು ಮಾಡಿಸುವುದೇ ಲೇಸು. ನಾಲ್ಕೂ ಕಾಲುಗಳನ್ನು ಹಳೇ ಎಂಜಿನ್ ಆಯಿಲ್ ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ. ಆ ಎಣ್ಣೆಗೆ ಕೋಳಿಮನೆಯಲ್ಲಿ ಇರುವ ಒಂದೇ ಒಳ್ಳೆ ಉಪಯೋಗ ಇದು. ಬೇವಿನ ಮರದ ಮೇಲೆ ಮಲಗುವ ಕೋಳಿಗಳಿದ್ದರೆ ಆ ತೊಗಟೆಯನ್ನೂ ನೋಡಿ.

ಉಳಿದ ಎಂಟಕ್ಕೂ ಅವತ್ತೇ ಪುಡಿ ಹಚ್ಚಿ, 7 ಮತ್ತು 14ನೇ ದಿನ ಮತ್ತೆ. ಒಂದನ್ನು ಬಿಟ್ಟರೂ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮೇವನ್ನು ಮಾರನೇ ದಿನದಿಂದ ಶುರುಮಾಡಿ. ಅದೂ ಬೆಳಗ್ಗೆ ಕತ್ತಿನ ಬುಡದ ಕಾಳುಚೀಲ ಮುಟ್ಟಿ ನೋಡಿ ಖಾಲಿ ಇದ್ದರೆ. ರಾತ್ರಿಯ ನೀರು ಇನ್ನೂ ತುಳುಕುತ್ತಿದ್ದರೆ ಕರುಳು ಓಡುತ್ತಿಲ್ಲ, ಮೇವು ಹಾಕಿದರೆ ಅಲ್ಲೇ ಹುಳಿಯುತ್ತದೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ತೆಳು ರಾಗಿ ಗಂಜಿಯಲ್ಲಿ ಕಲಸಿ 15–20 ಗ್ರಾಂನಂತೆ ನಾಲ್ಕು ಸಲ. ಮೂರನೇ ದಿನದಿಂದ ನುಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಬೆಂದ ಹುರುಳಿ, ಸಿಕ್ಕರೆ ಬೇಯಿಸಿದ ಲಿವರ್ (ಪಿತ್ತಜನಕಾಂಗ) ಒಂದು ಚಮಚ. ರಕ್ತ ಕಟ್ಟಲು ಕಬ್ಬಿಣವೂ ಪ್ರೋಟೀನೂ ಎರಡೂ ಬೇಕು. ಶೇಂಗಾ ಹಿಂಡಿ ಹಾಕುವುದಾದರೆ ಮೂಸಿ ನೋಡಿ ಹಾಕಿ. ಮುಗ್ಗು ಹಿಡಿದ ಹಿಂಡಿಯಲ್ಲಿ, ಮಳೆಗೆ ನೆಂದ ದಾವಣಗೆರೆ ಕಡೆಯ ಮೆಕ್ಕೆಜೋಳದಲ್ಲಿ ಬೆಳೆಯುವ ಬೂಷ್ಟಿನ ವಿಷ ಕೋಳಿಯ ಲಿವರನ್ನೇ ಕೆಡಿಸುತ್ತದೆ. ಒಳ್ಳೆ ಕೋಳಿ ಹೇಗೋ ತಡೆದೀತು, ಇದು ತಡೆಯದು. ಬಿ ಕಾಂಪ್ಲೆಕ್ಸ್ ಹನಿ ಕೊಡಬಹುದು, ಕಬ್ಬಿಣದ ಇಂಜೆಕ್ಷನ್ ಬೇಡ. ದಿನಾ ಬೆಳಗ್ಗೆ ಬಟ್ಟೆಚೀಲದಲ್ಲಿ ಹಾಕಿ ಕೈತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಬರೆದಿಡಿ. ಮೂರನೇ ದಿನಕ್ಕೂ ತೂಕ ಇಳಿಯುತ್ತಿದ್ದರೆ ಮನೆ ಆರೈಕೆಗೆ ಮೀರಿದ ಬೇರೇನೋ ಇದೆ.

ಒಳಗಿನ ಜಂತುಹುಳ ಖಂಡಿತ ಇರುತ್ತದೆ, ತಿಪ್ಪೆ ಕೆದರುವ ಕೋಳಿಗೆ ಅದು ತಪ್ಪಿದ್ದಲ್ಲ. ಆದರೂ ಈಗ ಬೇಡ. ಹುಳ ಒಟ್ಟಿಗೆ ಸತ್ತರೆ ಸೋತ ಕರುಳಿನಲ್ಲಿ ಗಂಟುಕಟ್ಟಿ ದಾರಿ ಮುಚ್ಚುತ್ತದೆ. ತಾನೇ ಎದ್ದು ಮೇಯತೊಡಗಿ ಒಂದು ವಾರ ಆದ ಮೇಲೆ ಅಲ್ಬೆಂಡಜೋಲ್ ಕೆ.ಜಿ.ಗೆ 10 ಮಿ.ಗ್ರಾಂ ಲೆಕ್ಕ. 2.5 ಪರ್ಸೆಂಟ್ ದ್ರವದ 1 ಮಿ.ಲೀ.ನಲ್ಲಿ 25 ಮಿ.ಗ್ರಾಂ ಇರುವುದರಿಂದ 1.2 ಕೆ.ಜಿ. ಕೋಳಿಗೆ ಅರ್ಧ ಮಿ.ಲೀ. ಹತ್ತಿರ. ಮೂರು ವಾರ ಬಿಟ್ಟು ಇನ್ನೊಮ್ಮೆ. ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ಬಿಳಿ ತುಣುಕು ಕಂಡರೆ ಲಾಡಿಹುಳ, ಅದಕ್ಕೆ ಪ್ರಮಾಣ ಹೆಚ್ಚು ಬೇಕು, ವೈದ್ಯರನ್ನು ಕೇಳಿ.

ಉಳಿದ ಎಂಟರಲ್ಲಿ ಯಾವುದಾದರೂ ಕತ್ತು ತಿರುಚಿದರೆ, ಬಾಯಿ ತೆರೆದು ಗೊರಗುಟ್ಟಿದರೆ, ಒಂದೆರಡು ದಿನದಲ್ಲಿ ಎರಡು ಮೂರು ಸತ್ತರೆ ಇದು ಕೂರೆಯ ಮಾತಲ್ಲ. ಕೊಕ್ಕರೆ ರೋಗ ಇರಬಹುದು, ಹಕ್ಕಿಜ್ವರವೂ ಇರಬಹುದು. ಸತ್ತದ್ದನ್ನು ಕೊಯ್ಯದೆ, ಮಾರದೆ, ಬೀದಿಗೆ ಎಸೆಯದೆ ಪಶು ಆಸ್ಪತ್ರೆಗೆ ತಿಳಿಸಿ.

ಕೋಳಿಯ ಕೆಂಪು ರಕ್ತಕಣದ ಆಯುಸ್ಸೇ ಒಂದು ತಿಂಗಳ ಆಸುಪಾಸು, ಹಾಗಾಗಿ ಹೊಸ ರಕ್ತವನ್ನು ಅದು ನಮಗಿಂತ ಬೇಗ ಕಟ್ಟುತ್ತದೆ. ಕಚ್ಚುವುದು ನಿಂತರೆ ಎರಡು ಮೂರು ದಿನಕ್ಕೆ ನಿಲ್ಲಲು ನೋಡುತ್ತದೆ, ಜುಟ್ಟಿಗೆ ಬಣ್ಣ ತಿರುಗಲು ಎರಡು ವಾರ ಬೇಕು. ಅಲ್ಲಿಯವರೆಗೆ ಬೇರೆ ಕೋಳಿಗಳ ಜತೆ ಬಿಡಬೇಡಿ, ಬಿಳಿಚಿದ ಜುಟ್ಟು ಕಂಡರೆ ಉಳಿದವು ಕುಕ್ಕುತ್ತವೆ. ಮತ್ತೆ ಮೊಟ್ಟೆ ಇಡಲು ಒಂದೂವರೆ ತಿಂಗಳಾದರೂ ಆದೀತು. ಈ ವರ್ಷ ಮತ್ತೆ ಕಾವಿಗೆ ಕೂರಿಸಬೇಡಿ. ಔಷಧಿ ಹಚ್ಚಿದ ಎಂಟರ ಮೊಟ್ಟೆಯನ್ನು ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ತಿನ್ನಬೇಡಿ. ಪೆನ್ಸಿಲಿನ್ನೋ ಐವರ್ಮೆಕ್ಟಿನ್ನೋ ಕೊಟ್ಟಿದ್ದರೆ ಮೊಟ್ಟೆ, ಮಾಂಸ ಎರಡನ್ನೂ ಎಷ್ಟು ದಿನ ಬಿಡಬೇಕೆಂದು ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳಿ.